ಜೆಲ್ ಬತ್ತಿಯೊಳಗಿನ ಗುಳ್ಳೆ: ಬೆಟ್ಟದೂರಿನ ಲೆಕ್ಕವೇ ಬೇರೆ

ತೃಶ್ಶಿಲೇರಿಯಲ್ಲಿ ನೀರು ಕುದಿಯಲು 100 ಡಿಗ್ರಿ ಸೆಲ್ಸಿಯಸ್ ಬೇಕಿಲ್ಲ. ಸುಮಾರು 97 ಡಿಗ್ರಿಗೇ ಕುದಿದುಬಿಡುತ್ತದೆ. ಅನ್ನ, ಸಾರು ಮಾಡುವವರಿಗೆ ಇದರಿಂದ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ಮನೆಯಲ್ಲಿ ಜೆಲ್ ಮೇಣದಬತ್ತಿ ಮಾಡುವವರಿಗೆ ಇದೆ. ಅವರ ಬತ್ತಿಯೊಳಗೆ ಬೇಡವೆಂದರೂ ಬಂದು ಕೂರುವ ಗಾಳಿಗುಳ್ಳೆಗಳಿಗೆ ಈ ಮೂರು ಡಿಗ್ರಿಯ ಕೊರತೆಯೂ ಒಂದು ಕಾರಣ.

ವಯನಾಡು ಜಿಲ್ಲೆಯ ಮಾನಂದವಾಡಿ ತಾಲ್ಲೂಕಿನ ಈ ಊರು ಕರ್ನಾಟಕದವರಿಗೆ ತೀರಾ ಅಪರಿಚಿತವೇನಲ್ಲ. ಕುಟ್ಟ ದಾಟಿ ತೋಲ್ಪೆಟ್ಟಿ ಕಾಡಿನ ನಡುವೆ ಹೋದರೆ ಕಾಟ್ಟಿಕುಳಂ, ಎಚ್‌.ಡಿ. ಕೋಟೆ ಕಡೆಯಿಂದ ಬಾವಲಿ ಮೂಲಕ ಬಂದರೂ ಸಿಗುವುದು ಅದೇ ಊರು. ತೃಶ್ಶಿಲೇರಿ ಅಲ್ಲಿಂದ ದೂರವಿಲ್ಲ. ತಿರುನೆಲ್ಲಿಯಲ್ಲಿ ಪಿತೃಕಾರ್ಯ ಮಾಡುವವರು ತೃಶ್ಶಿಲೇರಿಯ ಶಿವನಿಗೂ ಸೇವೆ ಸಲ್ಲಿಸಬೇಕೆಂಬ ನಂಬಿಕೆ ಹಳೆಯದು. ಸುತ್ತ ಕಾಫಿ, ಮೆಣಸು, ಗದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹಿಡಿಯುವ ಮಳೆ, ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಚಳಿ. ಎತ್ತರ, ತೇವ, ಚಳಿ ಮೂರೂ ಜೆಲ್ ಬತ್ತಿಯ ಮಟ್ಟಿಗೆ ಲೆಕ್ಕಕ್ಕೆ ಬರುತ್ತವೆ. ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುವ ಸೂಚನೆ ಮಾತ್ರ ಸಮುದ್ರಮಟ್ಟದ, ಒಣಹವೆಯ ಊರಿನದು. ಅದನ್ನು ಅಕ್ಷರಶಃ ಪಾಲಿಸಿಯೂ ಬತ್ತಿ ಮಂಕಾಗಿ, ಗುಳ್ಳೆಗುಳ್ಳೆಯಾಗಿ ಬಂದರೆ ಕೈಗುಣವನ್ನು ಬೈದುಕೊಳ್ಳಬೇಕಾಗಿಲ್ಲ.

ಅಂಗಡಿಯಲ್ಲಿ 'ಜೆಲ್ ವ್ಯಾಕ್ಸ್' ಎಂದು ಮಾರುವ ವಸ್ತುವಿನಲ್ಲಿ ಮೇಣ ಇರುವುದೇ ಇಲ್ಲ. ಅದರ ಬಹುಪಾಲು, ಸಾಮಾನ್ಯವಾಗಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು, ಪೆಟ್ರೋಲಿಯಂನಿಂದ ತೆಗೆದ ಬಣ್ಣವಿಲ್ಲದ ಮಿನರಲ್ ಆಯಿಲ್. ಉಳಿದದ್ದು ರಬ್ಬರಿನ ಗುಣವುಳ್ಳ ಪಾಲಿಮರ್. ಬೂಟಿನ ಅಟ್ಟೆ, ಅಂಟುಗಳಲ್ಲಿ ಬಳಸುವ ಸ್ಟೈರೀನ್ ಪಾಲಿಮರುಗಳ ಬಳಗಕ್ಕೇ ಇದೂ ಸೇರಿದ್ದು. ಅಮೆರಿಕದ ಪೆನ್ರೆಕೊ ಕಂಪನಿ ಇಂಥ ಪಾರದರ್ಶಕ ಜೆಲ್ ಬತ್ತಿಗೆ 1999ರಲ್ಲಿ ಪೇಟೆಂಟ್ ಪಡೆಯಿತು. ಬತ್ತಿ ಮಾಡುವ ಹವ್ಯಾಸಿಗಳ ನಡುವೆ ಓಡಾಡುವ 'ವರ್ಸಾಜೆಲ್' ಎಂಬ ಹೆಸರು ಬಂದದ್ದೂ ಅದೇ ಕಂಪನಿಯಿಂದ.

ಪಾಲಿಮರಿನ ಎಳೆಗಳ ತುದಿಗಳು ಅಲ್ಲಲ್ಲಿ ಗಂಟುಕಟ್ಟಿಕೊಂಡು ಬಲೆಯಾಗುತ್ತವೆ. ಎಣ್ಣೆ ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಸಿ ತಾಗಿದಾಗ ಗಂಟು ಸಡಿಲ, ಆರಿದಾಗ ಮತ್ತೆ ಬಿಗಿ. ಇದರಿಂದ ಎರಡು ಸಂಗತಿಗಳನ್ನು ತಿಳಿದುಕೊಳ್ಳಬಹುದು. ಮೊದಲನೆಯದು, ಗಟ್ಟಿಯಾದ ಜೆಲ್‌ನೊಳಗೆ ಉಳಿದ ಗುಳ್ಳೆ ತಾನಾಗಿ ಎಲ್ಲಿಗೂ ಹೋಗುವುದಿಲ್ಲ, ಬಲೆ ಅದನ್ನು ಹಿಡಿದಿಟ್ಟಿರುತ್ತದೆ. ಎರಡನೆಯದು ಸಮಾಧಾನದ ಸುದ್ದಿ: ಕೆಟ್ಟ ಬತ್ತಿಯನ್ನು ಎಸೆಯಬೇಕಾಗಿಲ್ಲ, ಮತ್ತೆ ಕರಗಿಸಿ ಹೊಸದಾಗಿ ಹೊಯ್ಯಬಹುದು.

ಇನ್ನು ಗುಳ್ಳೆ ಏಳುವ ಬಗೆ. ನೀರಿನಲ್ಲಿ ಗುಳ್ಳೆ ಪಟಕ್ಕನೆ ಮೇಲೆ ಬರುತ್ತದೆ, ಜೇನುತುಪ್ಪದಲ್ಲಿ ತೆವಳುತ್ತದೆ. ಕರಗಿದ ಜೆಲ್ ಜೇನಿನ ಜಾತಿಗೆ ಸೇರಿದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ ಇದಕ್ಕೊಂದು ಸೂತ್ರ ಕೊಟ್ಟಿದ್ದಾನೆ. ದ್ರವ ಎಷ್ಟು ಮಂದವೋ ಗುಳ್ಳೆ ಅಷ್ಟು ನಿಧಾನ. ಗುಳ್ಳೆಯ ಗಾತ್ರದ ಪರಿಣಾಮ ಇನ್ನೂ ಜೋರು. ಅಗಲ ಅರ್ಧವಾದರೆ ಮೇಲೇರಲು ನಾಲ್ಕು ಪಟ್ಟು ಸಮಯ ಬೇಕು, ಹತ್ತನೇ ಒಂದಾದರೆ ನೂರು ಪಟ್ಟು. ದೊಡ್ಡ ಗುಳ್ಳೆಗಳೆಲ್ಲ ಕಣ್ಣೆದುರೇ ಒಡೆದುಹೋಗಿ, ಸಾಸಿವೆಗಿಂತ ಸಣ್ಣವು ಮಾತ್ರ ಗಂಟೆ ಕಳೆದರೂ ಅಲ್ಲಲ್ಲೇ ನಿಂತಿರುವುದು ಇದಕ್ಕೇ. ಹಾಗಾಗಿ ಜೋರಾಗಿ ಕಲಕುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಅದು ಹೊಸ ಗಾಳಿ ಸೇರಿಸುವುದಲ್ಲದೆ, ಸುಲಭವಾಗಿ ಹೊರಹೋಗಬಹುದಾಗಿದ್ದ ದೊಡ್ಡ ಗುಳ್ಳೆಯನ್ನು ಹೊರಹೋಗದ ನೂರು ಸಣ್ಣ ಗುಳ್ಳೆಗಳಾಗಿ ಒಡೆದುಹಾಕುತ್ತದೆ.

ಅಂದ ಮೇಲೆ ಮಾಡಬೇಕಾದ್ದು, ಜೆಲ್ಲನ್ನು ಸಾಕಷ್ಟು ಬಿಸಿಯಾಗಿ, ತೆಳುವಾಗಿ, ಸಾಕಷ್ಟು ಹೊತ್ತು ಇಡುವುದು. ಸಾಮಾನ್ಯ ಜೆಲ್‌ಗೆ 93 ಡಿಗ್ರಿಯ ಆಸುಪಾಸು ಹದವಾದ ಬಿಸಿ. 110 ದಾಟಿಸಬಾರದು; ದಾಟಿದರೆ ಬಣ್ಣ ಹಳದಿಗೆ ತಿರುಗುತ್ತದೆ, ಎಣ್ಣೆಯಾದ್ದರಿಂದ ಬೆಂಕಿಯ ಭಯವೂ ಇದೆ.

ತೃಶ್ಶಿಲೇರಿಯ ತಕರಾರು ಶುರುವಾಗುವುದು ಇಲ್ಲಿಂದ. ಪ್ಯಾರಫಿನ್ ಬತ್ತಿ ಮಾಡಿ ಅಭ್ಯಾಸವಿರುವವರು ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಸಣ್ಣ ಪಾತ್ರೆ ಇಟ್ಟು ಕರಗಿಸುತ್ತಾರೆ. ಪ್ಯಾರಫಿನ್ 60 ಡಿಗ್ರಿಯ ಹತ್ತಿರ ಕರಗುವುದರಿಂದ ಅದಕ್ಕೆ ಇದು ಧಾರಾಳ. ಆದರೆ ಹೊರಗಿನ ನೀರೇ 97ಕ್ಕೆ ನಿಂತುಬಿಟ್ಟರೆ ಒಳಗಿನ ಜೆಲ್ 85–90ರಲ್ಲೇ ಉಳಿಯುವುದು ಸಾಮಾನ್ಯ. ಆ ಬಿಸಿಯಲ್ಲಿ ಅದು ಇನ್ನೂ ಮಂದ, ಗುಳ್ಳೆ ಇನ್ನೂ ನಿಧಾನ. ಮಂಗಳೂರಿನಲ್ಲಿ ಹೇಗೋ ನಡೆದುಹೋಗುವ ವಿಧಾನ ತೃಶ್ಶಿಲೇರಿಯಲ್ಲಿ, ಮೈಸೂರಿನಲ್ಲಿ ಕೊಸರಾಡುತ್ತದೆ. ನೀರು 96 ಡಿಗ್ರಿಯ ಸುಮಾರಿಗೇ ಕುದಿಯುವ ಮಡಿಕೇರಿಯಲ್ಲಿ ಇನ್ನೂ ಕಷ್ಟ. ಜತೆಗೆ ಹೊರಪಾತ್ರೆಯಿಂದ ಏಳುವ ಹಬೆ ಒಳಪಾತ್ರೆಯ ಅಂಚಿನಲ್ಲಿ ನೀರಾಗಿ ತೊಟ್ಟಿಕ್ಕುತ್ತದೆ.

ನೀರಿನ ಬದಲು ಮರಳು ಬಳಸುವುದು ಮೇಲು. ಕಡಲೆಕಾಯಿ ಹುರಿಯುವವರ ಹಾಗೆ ದಪ್ಪ ತಳದ ಬಾಣಲೆಯಲ್ಲಿ ಎರಡು ಬೆರಳಿನಷ್ಟು ಒಣಮರಳು ಹರಡಿ, ಅದರಲ್ಲಿ ಜೆಲ್ ಪಾತ್ರೆಯನ್ನು ಹುದುಗಿಸಿ, ಸಣ್ಣ ಉರಿಯಲ್ಲಿ ಇಟ್ಟರೆ ಶಾಖ ಎಲ್ಲ ಕಡೆಯಿಂದ ಸಮನಾಗಿ ತಾಗುತ್ತದೆ, ಹಬೆಯ ಕಾಟವೂ ಇಲ್ಲ. ಕಬ್ಬಿಣದ ದೋಸೆ ಹಂಚಿನ ಮೇಲೆ ಪಾತ್ರೆ ಇಟ್ಟರೂ ಕೆಲಸ ನಡೆಯುತ್ತದೆ. ಗ್ಯಾಸಿನ ಉರಿ ನೇರವಾಗಿ ತಳಕ್ಕೆ ತಾಗುವಂತೆ ಇಡುವುದು ಮಾತ್ರ ಬೇಡವೇ ಬೇಡ. ಮೇಲ್ಭಾಗ ಇನ್ನೂ ಗಟ್ಟಿಯಿರುವಾಗಲೇ ತಳ ಸುಡಲು ತೊಡಗಿರುತ್ತದೆ. ಮರಳಿಗೆ ನೀರಿನಂತೆ ಕುದಿಬಿಂದುವಿನ ಮಿತಿ ಇಲ್ಲವಾದ್ದರಿಂದ ಬಿಸಿ ಏರುತ್ತಲೇ ಹೋಗಬಹುದು. ಒಲೆ ಬಿಟ್ಟು ಅತ್ತಿತ್ತ ಹೋಗುವ ಹಾಗಿಲ್ಲ.

ಥರ್ಮಾಮೀಟರ್ ಇಲ್ಲದೆ ಜೆಲ್ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಅಡುಗೆಗೆ ಬಳಸುವ, ಕಡ್ಡಿಯಂಥ ಮೂತಿಯ ಡಿಜಿಟಲ್ ಥರ್ಮಾಮೀಟರ್ ಸಾಕು. ಕೊಂಡ ದಿನ ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸುವಾಗ ಊರಿನ ಎತ್ತರ ನೆನಪಿರಲಿ: 300 ಮೀಟರಿಗೆ ಹೆಚ್ಚೂಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಮಾನಂದವಾಡಿ ಸುತ್ತಿನ ಊರುಗಳು ಸಮುದ್ರಮಟ್ಟದಿಂದ 700–800 ಮೀಟರ್ ಮೇಲಿವೆ. ಅಲ್ಲಿ 97 ತೋರಿಸಿದ ಥರ್ಮಾಮೀಟರ್ ಸರಿಯಾಗಿಯೇ ಇದೆ; 100 ತೋರಿಸಿದ್ದನ್ನೇ ಅಂಗಡಿಗೆ ಹಿಂದಿರುಗಿಸಬೇಕು.

ಜೆಲ್ಲನ್ನು ಹದವಾದ ತುಂಡುಗಳಾಗಿ ಕತ್ತರಿಸಿ ಹಾಕಬೇಕು. ತೀರಾ ಚೂರುಚೂರು ಮಾಡಿದರೆ ಚೂರುಗಳ ನಡುವಿನ ಗಾಳಿಯೂ ಒಳಗೇ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಕರಗಿದ ಮೇಲೆ 93ರ ಹತ್ತಿರ ಹಿಡಿದಿಟ್ಟು, ಅರ್ಧದಿಂದ ಒಂದು ಗಂಟೆ ಸುಮ್ಮನೆ ಬಿಡುವುದು. ಈ ಸುಮ್ಮನೆ ಬಿಡುವ ಹೊತ್ತಿನಲ್ಲೇ ನಿಜವಾದ ಕೆಲಸ ನಡೆಯುತ್ತಿರುತ್ತದೆ. ತಾಳ್ಮೆ ಸಾಲದೆ ಕಲಕಲು ಹೋಗುವವರೇ ಹೆಚ್ಚು. ಬಣ್ಣ ಬೆರೆಸಲು ಕಲಕಲೇಬೇಕಲ್ಲ, ಆಗ ಒಣಗಿದ ಸ್ಟೀಲ್ ಚಮಚವನ್ನು ತಳಕ್ಕೆ ತಾಗಿಸಿ, ಮೇಲ್ಮೈ ಕದಡದಂತೆ ಮೆಲ್ಲಗೆ ಸುತ್ತಿಸಬೇಕು. ಮರದ ಸೌಟು ಬೇಡ. ಮರದ ರಂಧ್ರಗಳಲ್ಲಿ ಗಾಳಿಯೂ ಇರುತ್ತದೆ, ತೇವವೂ ಇರುತ್ತದೆ. ಬಿಸಿ ಜೆಲ್‌ಗೆ ಅದ್ದಿದ ಮರುಕ್ಷಣ ಸೌಟಿನ ಸುತ್ತ ಸಣ್ಣ ಗುಳ್ಳೆಗಳು ಸಾಲಾಗಿ ಏಳುವುದನ್ನು ಕಣ್ಣಾರೆ ನೋಡಬಹುದು.

ತೇವದ ವಿಷಯ ಬಂದಾಗ ಮಳೆಗಾಲದ ವಯನಾಡನ್ನು ಮರೆಯುವಂತಿಲ್ಲ. ಅಲ್ಲಿ ಜುಲೈ ತಿಂಗಳಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ. ಬತ್ತಿಯೊಳಗೆ ಅಲಂಕಾರಕ್ಕೆ ಹಾಕುವ ಮರಳು, ಕಪ್ಪೆಚಿಪ್ಪು, ಹೊಳೆಯ ಬೆಣಚುಕಲ್ಲು ಎಲ್ಲವೂ ನೋಡಲು ಒಣಗಿದಂತಿದ್ದರೂ ಒಳಗೆ ನೀರು ಹೀರಿಕೊಂಡಿರುತ್ತವೆ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1700 ಪಟ್ಟು ಹಿಗ್ಗುತ್ತದೆ. ಒಂದೇ ಒಂದು ಹನಿ ಪೂರ್ತಿ ಆವಿಯಾದರೆ ಪುಟ್ಟ ಟೀ ಲೋಟ ತುಂಬುವಷ್ಟು. ಕುದಿಬಿಂದುವಿನ ಕೆಳಗೂ ಬಿಸಿ ಜೆಲ್‌ನಲ್ಲಿ ನೀರು ಆವಿ ಬಿಡುತ್ತಲೇ ಇರುತ್ತದೆ. ಜೆಲ್ 97 ದಾಟಿತೆಂದರೆ ಬೆಟ್ಟದೂರಿನಲ್ಲಿ ಆ ಹನಿ ಕುದಿಯಲೇ ತೊಡಗುತ್ತದೆ. ಮಂಗಳೂರಿನಲ್ಲಾದರೆ ಇನ್ನೂ ಮೂರು ಡಿಗ್ರಿ ಬಿಡುವಿರುತ್ತಿತ್ತು.

ಅಲಂಕಾರದ ಸಾಮಾನುಗಳನ್ನು ತೊಳೆದು, ಓಟಿಜಿ ಒಲೆಯಲ್ಲಿ 110 ಡಿಗ್ರಿಗೆ ಒಂದು ಗಂಟೆ ಒಣಗಿಸಬೇಕು. ಓಟಿಜಿ ಇಲ್ಲದಿದ್ದರೆ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೂ ಆಗುತ್ತದೆ. ಹೊಳೆಗಲ್ಲನ್ನು ಮಾತ್ರ ಹೀಗೆ ಹುರಿಯಬೇಡಿ, ಒಳಗೆ ನೀರಿದ್ದರೆ ಸಿಡಿಯಬಹುದು. ಅದನ್ನು ಬಿಸಿಲಿನಲ್ಲಿ ದಿನಗಟ್ಟಲೆ ಒಣಗಿಸಿ, ಆಮೇಲಷ್ಟೇ ಹದ ಬಿಸಿಯಲ್ಲಿಡುವುದು ಕ್ಷೇಮ. ಒಣಗಿಸಿದ ವಸ್ತುವನ್ನು ಬಿಸಿಯಿರುವಾಗಲೇ ಬಳಸಬೇಕು. ಆರಲು ಬಿಟ್ಟರೆ ಮಳೆಗಾಲದ ಗಾಳಿಯಿಂದ ಮತ್ತೆ ತೇವ ಎಳೆದುಕೊಳ್ಳುತ್ತದೆ.

ಒಣಗಿದ್ದರೂ ರಂಧ್ರಗಳಲ್ಲಿ ಗಾಳಿ ಇದ್ದೇ ಇರುತ್ತದೆ. 25 ಡಿಗ್ರಿಯಿಂದ 90ಕ್ಕೆ ಏರಿದಾಗ ಆ ಗಾಳಿ ಸುಮಾರು ಐದನೇ ಒಂದು ಭಾಗದಷ್ಟು ಹಿಗ್ಗಿ ಹೊರಗೆ ಇಣುಕುತ್ತದೆ. ಅದಕ್ಕೆ ಮದ್ದು ಸುಲಭ. ಪ್ರತಿಯೊಂದನ್ನೂ ಇಕ್ಕಳದಲ್ಲಿ ಹಿಡಿದು ಬೇರೆ ಪಾತ್ರೆಯ ಬಿಸಿ ಜೆಲ್‌ನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಕಾದು, ಆಮೇಲೆ ಲೋಟಕ್ಕೆ ಇಳಿಸುವುದು. ಸುರುಳಿ ಶಂಖದ್ದು ಮಾತ್ರ ವಿಶೇಷ ಹಟ. ಬಾಯಿ ಕೆಳಗಾಗಿ ಮುಳುಗಿಸಿದರೆ ಒಳಗಿನ ಗಾಳಿ ಅಲ್ಲೇ ಕೂತು, ಬತ್ತಿ ಗಟ್ಟಿಯಾಗುವ ಹೊತ್ತಿಗೆ ಒಂದೊಂದೇ ಗುಳ್ಳೆ ಬಿಡತೊಡಗುತ್ತದೆ. ಬಾಯಿ ಮೇಲಾಗಿ, ಓರೆಯಾಗಿ ಹಿಡಿದು, ಇಕ್ಕಳದಲ್ಲೇ ತಿರುಗಿಸುತ್ತಾ ಇಳಿಸಿದರೆ ಜೆಲ್ ಸುರುಳಿಯೊಳಗೆ ಹರಿದು ಗಾಳಿಯನ್ನು ದಬ್ಬುತ್ತದೆ.

ವಯನಾಡಿನಲ್ಲಿ ಬತ್ತಿ ಮಾಡುವವರಿಗೆ ಹುರಿದ ಕಾಫಿಬೀಜ, ಕಾಳುಮೆಣಸು, ಏಲಕ್ಕಿ ಹಾಕುವ ಆಸೆ ಹುಟ್ಟುವುದು ಸಹಜ. ಹಾಕಬಾರದು. ಹುರಿದ ಕಾಫಿಬೀಜ ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ದಿನಗಟ್ಟಲೆ ಬಿಡುತ್ತಲೇ ಇರುತ್ತದೆ. ಗುಳ್ಳೆಗೆ ಅದಕ್ಕಿಂತ ಒಳ್ಳೆಯ ಕಾರ್ಖಾನೆ ಬೇಕಿಲ್ಲ. ಅದಕ್ಕೂ ಮುಖ್ಯವಾದ ಮಾತೆಂದರೆ, ಬೀಜ, ಎಲೆ, ಒಣಹೂವು ಎಲ್ಲವೂ ಉರಿಯುವ ವಸ್ತುಗಳು. ಎಣ್ಣೆಯಲ್ಲಿ ನೆನೆದ ಮೇಲೆ ಒಂದೊಂದೂ ಇನ್ನೊಂದು ಬತ್ತಿಯಾಗಬಲ್ಲದು. ಗಾಜು, ಪಿಂಗಾಣಿ, ಲೋಹ, ಚಿಪ್ಪು, ಕಲ್ಲು ಇಷ್ಟೇ ಸಾಕು, ಅವೂ ಬತ್ತಿಯ ದಾರದಿಂದ ಎರಡು ಸೆಂಟಿಮೀಟರಾದರೂ ದೂರ ಇರಲಿ. ಈ ಸೀಮೆಯ ಕಾಡುಜೇನಿನ ಮೇಣ ಒಳ್ಳೆಯದೇ, ಆದರೆ ಅದಕ್ಕೆ ಬೇರೆ ಬತ್ತಿ ಮಾಡಿ. ಜೆಲ್‌ಗೆ ಯಾವ ಮೇಣ ಬೆರೆಸಿದರೂ ಪಾರದರ್ಶಕತೆ ಹೋಗಿ ಮಬ್ಬಾಗುತ್ತದೆ.

ಆ ಮಬ್ಬಿನ ಮಾತು ಬತ್ತಿಯ ದಾರಕ್ಕೂ ಅನ್ವಯಿಸುತ್ತದೆ. ಪೇಟೆಯಲ್ಲಿ ಸಿಗುವ ಬಹುತೇಕ ದಾರಗಳಿಗೆ ಮೇಣ ಸವರಿರುತ್ತಾರೆ. ಬಿಸಿ ಜೆಲ್ ತಾಗಿದೊಡನೆ ಆ ಮೇಣ ಕರಗಿ ದಾರದ ಸುತ್ತ ಬಿಳಿ ಮಂಜು ಕಟ್ಟುತ್ತದೆ, ನೂಲಿನ ಎಳೆಗಳಲ್ಲಿದ್ದ ಗಾಳಿಯೂ ಹೊರಡುತ್ತದೆ. ಜೆಲ್‌ಗೆ ಮೇಣ ಸವರದ ದಾರ ಬೇಕು. ಮಧ್ಯೆ ಸತುವಿನ ತಂತಿಯಿರುವ ದಾರ ನೆಟ್ಟಗೆ ನಿಲ್ಲುವುದರಿಂದ ಹೆಚ್ಚು ಅನುಕೂಲ. ಅದನ್ನು ಮೊದಲು ಬಿಸಿ ಜೆಲ್‌ನಲ್ಲೇ ಅದ್ದಿ, ಗುಳ್ಳೆ ನಿಂತ ಮೇಲೆ ತೆಗೆದು ನೆಟ್ಟಗೆ ಎಳೆದು ಆರಿಸಬೇಕು. ಇನ್ನೊಂದು ಕಳ್ಳ ಜಾಗ ದಾರದ ಬುಡದ ಲೋಹದ ಬಿಲ್ಲೆ. ಬಿಲ್ಲೆಗೂ ಲೋಟದ ತಳಕ್ಕೂ ನಡುವೆ ಸಿಕ್ಕ ಗಾಳಿ, ಜೆಲ್ ಹೊಯ್ದ ಮೇಲೆ ದಾರಗುಂಟ ಒಂದರ ಹಿಂದೊಂದು ಮೇಲೇರುತ್ತದೆ. ಬತ್ತಿಯ ನಡುವೆ ಮಾತ್ರ ಗುಳ್ಳೆಗಳ ಸಾಲು ಕಂಡರೆ ಕಾರಣ ಹುಡುಕಬೇಕಾದ್ದು ಅಲ್ಲೇ. ಬಿಲ್ಲೆಯ ಕೆಳಗೆ ಒಂದು ಚಮಚ ಬಿಸಿ ಜೆಲ್ ಬಿಟ್ಟು ಒತ್ತಿ ಕೂರಿಸಿ, ಅದು ಗಟ್ಟಿಯಾದ ಮೇಲೆ ಉಳಿದದ್ದನ್ನು ಹೊಯ್ಯುವುದು ಪರಿಹಾರ.

ಡಿಸೆಂಬರಿನಲ್ಲಿ ಮಳೆಯ ತೇವ ಹೋಗಿರುತ್ತದೆ, ಚಳಿ ಬಂದಿರುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಬತ್ತಿಗೆ ಬೇಡಿಕೆ ಬರುವುದೂ ಆಗಲೇ. ತಣ್ಣಗಿನ ಗಾಜಿಗೆ ಬಿಸಿ ಜೆಲ್ ತಾಗಿದರೆ ಗೋಡೆಗೆ ಹತ್ತಿದ ಪದರ ಆ ಕ್ಷಣವೇ ಮಂದವಾಗಿ, ಅಲ್ಲಿದ್ದ ಗಾಳಿ ಸಣ್ಣ ಚುಕ್ಕಿಗಳಾಗಿ ಅಂಟಿಕೊಳ್ಳುತ್ತದೆ. ಲೋಟವನ್ನು 65–70 ಡಿಗ್ರಿಗೆ ಬಿಸಿ ಮಾಡಿಟ್ಟುಕೊಂಡರೆ ಈ ಚುಕ್ಕಿಗಳಲ್ಲಿ ಬಹುಪಾಲು ಬರುವುದೇ ಇಲ್ಲ. ಓಟಿಜಿ ಇದ್ದರೆ ಕನಿಷ್ಠ ಬಿಸಿಯಲ್ಲಿ ಹತ್ತು ನಿಮಿಷ, ಇಲ್ಲದಿದ್ದರೆ ಕೂದಲು ಒಣಗಿಸುವ ಡ್ರೈಯರ್. ಬಿಸಿನೀರಿನಲ್ಲಿ ಅದ್ದಿ ತೆಗೆಯುವ ಉಪಾಯ ಬೇಡ, ಮೂಲೆಯಲ್ಲಿ ಎಲ್ಲಾದರೂ ಒಂದು ಹನಿ ಉಳಿದೇ ಉಳಿಯುತ್ತದೆ. ಲೋಟದ ಗಾಜು ದಪ್ಪವಿರಬೇಕು. ವೈನ್ ಗ್ಲಾಸಿನಂಥ ತೆಳು ಗಾಜು ಹೊಯ್ಯುವಾಗಲೋ, ಆಮೇಲೆ ಉರಿಯುವಾಗಲೋ ಸೀಳಿಬಿಡಬಹುದು.

ಹೊಯ್ಯುವ ಕೈ ನಿಧಾನವಿರಬೇಕು. ಮೂತಿಯಿರುವ ಪಾತ್ರೆಯನ್ನು ಲೋಟದ ಅಂಚಿಗೆ ತಾಗಿಸಿ, ಲೋಟವನ್ನು ಬಟ್ಟೆಯಲ್ಲಿ ಹಿಡಿದು ಓರೆ ಮಾಡಿ, ಸಣ್ಣ ಧಾರೆಯಾಗಿ ಗೋಡೆಗುಂಟ ಇಳಿಸಬೇಕು. ಚಹಾ ಎತ್ತಿ ಹೊಯ್ಯುವ ಚಮತ್ಕಾರಕ್ಕೆ ಇದು ಜಾಗವಲ್ಲ. ತುಂಬಿದ ಲೋಟವನ್ನು ಕಡಪಾಕಲ್ಲಿನ ಮೇಲೆ ಇಡದೆ, ಮಡಿಸಿದ ದಪ್ಪ ಬಟ್ಟೆಯ ಮೇಲೋ, ಆರಿಸಿದ ಆದರೆ ಇನ್ನೂ ಬೆಚ್ಚಗಿರುವ ಓಟಿಜಿಯೊಳಗೋ ಇಟ್ಟರೆ ನಿಧಾನವಾಗಿ ಆರುತ್ತದೆ. ಆರುವುದು ನಿಧಾನವಾದಷ್ಟೂ ಗುಳ್ಳೆಗಳಿಗೆ ಹೊರಡಲು ಹೊತ್ತು ಸಿಗುತ್ತದೆ.

ಇಷ್ಟಾದರೂ ಉಳಿದ ಗುಳ್ಳೆಗಳನ್ನು ಏನು ಮಾಡುವುದು? ಮೇಲ್ಮೈಯಲ್ಲಿದ್ದರೆ ಡ್ರೈಯರ್ ಗಾಳಿಯನ್ನು ದೂರದಿಂದ ಆಡಿಸಿದರೆ ಒಡೆಯುತ್ತವೆ. ಸ್ವಲ್ಪ ಕೆಳಗಿದ್ದರೆ ಬಿಸಿ ಮಾಡಿದ ದಬ್ಬಳದಿಂದ ಚುಚ್ಚಿ ಮೇಲಕ್ಕೆ ದಾರಿ ಮಾಡಿಕೊಡಬಹುದು. ಒಳಗೆಲ್ಲ ಹರಡಿದ್ದರೆ ಲೋಟ ಸಮೇತ ಓಟಿಜಿಯಲ್ಲಿ 70–80 ಡಿಗ್ರಿಗಿಟ್ಟು, ಕಣ್ಣಿಟ್ಟು ಕಾಯಬೇಕು. ಮೈಕ್ರೊವೇವ್ ಮಾತ್ರ ಖಂಡಿತ ಬೇಡ: ದಾರದ ತಂತಿ, ಬುಡದ ಬಿಲ್ಲೆ ಎರಡೂ ಲೋಹ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಗುಳ್ಳೆಯಿಂದ ಬತ್ತಿಯ ಅಂದ ಕೆಡುತ್ತದೆಯೇ ಹೊರತು ಅಪಾಯವೇನೂ ಆಗುವುದಿಲ್ಲ. ಅಪಾಯವಿರುವುದು ಪರಿಮಳದ ಎಣ್ಣೆಯಲ್ಲಿ. ಗುಳ್ಳೆ ಹೋಗಲಿಲ್ಲವೆಂದು ಚಿಂತಿಸುವವರಲ್ಲಿ ಎಷ್ಟೋ ಜನ ಇದನ್ನು ಯೋಚಿಸಿಯೇ ಇರುವುದಿಲ್ಲ. ಮಿನರಲ್ ಆಯಿಲ್ ಜತೆ ಬೆರೆಯದ ಪರಿಮಳ ಜೆಲ್‌ನೊಳಗೆ ಬೇರೆಯಾಗಿ ನಿಂತು, ಜ್ವಾಲೆ ತಲುಪಿದಾಗ ಒಮ್ಮೆಲೇ ಹೊತ್ತಿಕೊಳ್ಳಬಹುದು. ಪರೀಕ್ಷೆ ಹೀಗೆ: ಗಾಜಿನ ಸೀಸೆಯಲ್ಲಿ ಒಂದು ಪಾಲು ಪರಿಮಳಕ್ಕೆ ಮೂರು ಪಾಲು ಮಿನರಲ್ ಆಯಿಲ್ ಹಾಕಿ ಕುಲುಕಬೇಕು. ತಿಳಿಯಾಗಿ ಉಳಿದರೆ ಬಳಸಬಹುದು. ಮಬ್ಬಾದರೆ, ಪದರವಾದರೆ ಬೇಡ. ಜೊತೆಗೆ ಅದರ ಫ್ಲ್ಯಾಷ್ ಪಾಯಿಂಟ್, ಎಂದರೆ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಬಿಸಿ, 77 ಡಿಗ್ರಿಗಿಂತ ಮೇಲಿರಬೇಕು. ಘಟ್ಟದ ಮೇಲಿನ ಅಂಗಡಿಗಳಲ್ಲೆಲ್ಲ ಸಿಗುವ ನೀಲಗಿರಿ ಎಣ್ಣೆಯದು 50ರ ಆಸುಪಾಸು. ಬಿಸಿ ಜೆಲ್‌ಗೆ ಅದನ್ನು ಹಾಕಿದರೆ ಆವಿಯಾಗಿ ಗುಳ್ಳೆಯನ್ನೂ ಎಬ್ಬಿಸುತ್ತದೆ, ಒಲೆಯ ಉರಿಗೂ ಆಹ್ವಾನ ಕೊಡುತ್ತದೆ. ಬಣ್ಣಕ್ಕೂ ಎಣ್ಣೆಯಲ್ಲಿ ಕರಗುವಂಥದ್ದೇ ಬೇಕು. ಅಡುಗೆ ಬಣ್ಣ ನೀರಿನದಾದ್ದರಿಂದ ಹನಿಹನಿಯಾಗಿ ನಿಂತು ಮತ್ತೆ ಗುಳ್ಳೆಯ ಕಥೆ ಶುರು.

ಕರಗಿಸುವಾಗ ಪಾತ್ರೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಹಾಗಾಗಿ ಸರಿಯಾದ ಅಳತೆಯ ಮುಚ್ಚಳವನ್ನು ಕೈಗೆಟುಕುವಲ್ಲಿ ಇಟ್ಟುಕೊಂಡೇ ಶುರು ಮಾಡುವುದು ಒಳ್ಳೆಯದು. ಉರಿಸುವಾಗ ದಾರವನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿಕೊಂಡು, ತಳದಲ್ಲಿ ಒಂದೂವರೆ ಸೆಂಟಿಮೀಟರ್ ಜೆಲ್ ಉಳಿದಾಗ ನಂದಿಸಬೇಕು.

ಇನ್ನು, ಗುಳ್ಳೆಯೇ ಬೇಕೆನ್ನುವವರೂ ಇದ್ದಾರೆ. ಸೋಡಾ, ಬಿಯರ್, ಸಮುದ್ರದಡಿಯ ದೃಶ್ಯ, ಇಂಥ ಬತ್ತಿಗಳಿಗೆ ಗುಳ್ಳೆ ಇಲ್ಲದಿದ್ದರೆ ಜೀವವೇ ಇಲ್ಲ. ಅವರು ಇಲ್ಲಿ ಹೇಳಿದ್ದನ್ನೆಲ್ಲ ತಲೆಕೆಳಗು ಮಾಡಿದರಾಯಿತು: ಜೆಲ್ಲನ್ನು 80 ಡಿಗ್ರಿಗೆ ಇಳಿಸಿ, ಬಿಸಿ ಮಾಡದ ಲೋಟಕ್ಕೆ, ಹೊಯ್ಯುವ ಮುನ್ನ ಚಮಚದಿಂದ ನಾಲ್ಕು ಸಲ ಕಲಕಿ, ತುಸು ಎತ್ತರದಿಂದ ಬಿಡುವುದು. ಬಿಯರ್ ಮಗ್ಗಿನ ನೊರೆಗೆ ಮಾತ್ರ ಜೆಲ್ ಒದಗುವುದಿಲ್ಲ. ಅದಕ್ಕೆ ಬಿಳಿ ಪ್ಯಾರಫಿನ್ ಮೇಣ ಕರಗಿಸಿ, ಮೇಲೆ ಕೆನೆ ಕಟ್ಟತೊಡಗಿದಾಗ ಫೋರ್ಕಿನಿಂದ ನೊರೆ ಬರುವಂತೆ ಕಡೆದು, ಪೂರ್ತಿ ಆರಿದ ಜೆಲ್‌ನ ಮೇಲೆ ಚಮಚದಲ್ಲಿ ಎತ್ತಿ ಹಾಕುತ್ತಾರೆ. ಜೆಲ್ ಇನ್ನೂ ಬಿಸಿಯಿರುವಾಗಲೇ ಹಾಕಿದರೆ ನೊರೆ ಕರಗಿ ಕೆಳಗಿಳಿದು ಇಡೀ ಮಗ್ಗು ಮಬ್ಬಾಗುತ್ತದೆ.